ಆಸ್ಟಿನ್‌ನಲ್ಲಿ ಮೊದಲ ಸಲ ಬ್ಲೂಸ್ ರಾಕ್ ಕೇಳಿದೆ, ಒಬ್ಬಳೇ ಹೋಗಿದ್ದೆ

ಒಂಟಿಕೊಪ್ಪಲ್ ವೀಣೆ:
ಎಲ್ಲರಿಗೂ ನಮಸ್ಕಾರ. ಮೈಸೂರು ಬಿಟ್ಟು ಎಂಟು ತಿಂಗಳಾಯಿತು. ಕೆಲಸದ ಮೇಲೆ ಟೆಕ್ಸಸ್‌ನ ಆಸ್ಟಿನ್‌ಗೆ ಬಂದಿದ್ದೇನೆ. ಈ ಎಂಟು ತಿಂಗಳಲ್ಲಿ ಜನರ ಮಧ್ಯೆ ಕೂತು ಒಂದೇ ಒಂದು ಕಛೇರಿ ಕೇಳಿರಲಿಲ್ಲ. ಫೋನಿನಲ್ಲಿ ದಿನಾ ಕೇಳುತ್ತಿದ್ದೆ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಮಲಗುವಾಗ. ಹಾಗೆ ಕೇಳಿ ಕೇಳಿ ನನಗೆ ಏನು ಕಡಿಮೆಯಾಗಿದೆ ಅನ್ನುವುದೇ ಮರೆತುಹೋಗಿತ್ತು. ಶನಿವಾರ ರಾತ್ರಿ ಅದು ಗೊತ್ತಾಯಿತು. ಅದನ್ನೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ನಾನು ಬೆಳೆದದ್ದು ಒಂಟಿಕೊಪ್ಪಲಿನಲ್ಲಿ. ಎಂಟನೇ ಕ್ರಾಸಿನ ಗಣಪತಿ ಸಂಗೀತ ಅಂದರೆ ಮೈಸೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತಾತನ ಪಕ್ಕದ ಕುರ್ಚಿ ನನ್ನದು. ತಾತ ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ನಾನು ಅವರ ಬೆರಳು ನೋಡಿ ಎಣಿಸುತ್ತಿದ್ದೆ. ಒಳ್ಳೆಯ ಸಂಗತಿ ಬಂದರೆ ‘ಭಲೆ’ ಅನ್ನುತ್ತಿದ್ದರು, ಅದೂ ಮೆಲ್ಲಗೆ ಏನಲ್ಲ, ವೇದಿಕೆಗೆ ಕೇಳುವ ಹಾಗೆ. ಆಮೇಲೆ ಒಂಬತ್ತು ವರ್ಷ ವೀಣೆ ಕಲಿತೆ.

ಆಸ್ಟಿನ್ 1991ರಿಂದ ತನ್ನನ್ನು ಜಗತ್ತಿನ ಲೈವ್ ಸಂಗೀತದ ರಾಜಧಾನಿ ಅಂತ ಕರೆದುಕೊಳ್ಳುವ ಊರು. ಬ್ಲೂಸ್ ಅನ್ನುವ ಸಂಗೀತ ಇಲ್ಲಿ ಇನ್ನೂ ಗಟ್ಟಿಯಾಗಿ ಬೇರು ಬಿಟ್ಟದ್ದು 1975ರಲ್ಲಿ ಕ್ಲಿಫರ್ಡ್ ಆಂಟೋನ್ ಅನ್ನುವವರು ಸಿಕ್ಸ್ತ್ ಸ್ಟ್ರೀಟಿನಲ್ಲಿ ಒಂದು ಕ್ಲಬ್ ತೆರೆದ ಮೇಲೆ. ಶಿಕಾಗೋದ ಹಿರಿಯ ಬ್ಲೂಸ್ ಕಲಾವಿದರನ್ನು ನುಡಿಸಲು ಕರೆಸುತ್ತಿದ್ದರಂತೆ, ಊರಿನ ಹುಡುಗರು ವೇದಿಕೆಯ ಬುಡದಲ್ಲೇ ನಿಂತು ಕಲಿಯುತ್ತಿದ್ದರಂತೆ. ಗಿಟಾರಿಗೆ ಹೆಸರಾದ ಸ್ಟೀವಿ ರೇ ವಾನ್ ಆ ಹುಡುಗರಲ್ಲಿ ಒಬ್ಬರು. 1990ರಲ್ಲಿ ಹೆಲಿಕಾಪ್ಟರ್ ಬಿದ್ದು ತೀರಿಕೊಂಡಾಗ ಅವರಿಗೆ 35 ವರ್ಷ. ಇಲ್ಲಿ ನದಿಯ ದಂಡೆಯಲ್ಲಿ ಅವರ ಪ್ರತಿಮೆ ಇದೆ. ನಾನು ಬೆಳಗ್ಗೆ ನಡೆಯಲು ಹೋಗುವ ದಾರಿ ಅದು. ಅದರ ಕಾಲ ಬಳಿ ಯಾರೋ ಒಬ್ಬರು ಹೂವು ಇಟ್ಟು ಹೋಗಿದ್ದರು. ಅದನ್ನು ನೋಡಿಯೇ ನನಗೆ ಕೇಳಬೇಕು ಅನ್ನಿಸಿದ್ದು.

ಒಂದು ಕ್ಲಬ್ಬಿಗೆ ಮೊದಲ ಸಲ ಹೋದಾಗ ಒಳಗೆ ಬಿಡಲಿಲ್ಲ. ವಯಸ್ಸಿನ ದಾಖಲೆ ಬೇಕು, ನನ್ನ ಹತ್ತಿರ ಪಾಸ್‌ಪೋರ್ಟಿನ ಜೆರಾಕ್ಸ್ ಮಾತ್ರ ಇತ್ತು, ಆಗಲ್ಲ ಅಂದರು. ಟಿಕೆಟ್ ದುಡ್ಡೂ ವಾಪಸ್ ಬರಲಿಲ್ಲ, ಬೇಜಾರಾಯಿತು. ಆದರೆ ವಾಪಸ್ ಹೋಗಲು ಮನಸ್ಸು ಬರದೆ ಫುಟ್‌ಪಾತಿನಲ್ಲೇ ನಿಂತೆ. ಗೋಡೆಯ ಆ ಕಡೆಯಿಂದ ಬರೀ ಬೇಸ್ ಗಿಟಾರೂ ಡ್ರಮ್ಮೂ ಕೇಳುತ್ತಿತ್ತು. ಕೈ ತಾನಾಗಿ ತೊಡೆಯ ಮೇಲೆ ಹೋಯಿತು. ಎಣಿಸಿದೆ. ಸುತ್ತು 48 ಎಣಿಕೆಗೆ ಬಂದು ಸೇರುತ್ತಿತ್ತು. ಮೂರು ಸುತ್ತು ತಪ್ಪದೆ ಹಿಡಿದೆ. ಮನೆಗೆ ಬಂದು ಇನ್ನೊಂದು ಟಿಕೆಟ್ ತಗೊಂಡೆ.

ಈ ಶನಿವಾರ ಪಾಸ್‌ಪೋರ್ಟ್ ಹಿಡಿದು ಹೋದೆ. ಬಾಗಿಲು 8ಕ್ಕೆ ಅಂತ ಬರೆದಿದ್ದರೆ ಸಂಗೀತ 8ಕ್ಕೆ ಅಂತ ಅರ್ಥ ಅಲ್ಲ, 9ಕ್ಕೆ ಬೇರೆ ಒಂದು ತಂಡ ಶುರು ಮಾಡುತ್ತದೆ, ಮುಖ್ಯ ತಂಡ ಬರುವಾಗ 10 ಆಗಿತ್ತು. ಕುರ್ಚಿ ಇಲ್ಲ. ಎಲ್ಲರೂ ನಿಂತೇ ಇರಬೇಕು. ವೇದಿಕೆಯಲ್ಲಿ ಮೂರೇ ಜನ, ಗಿಟಾರ್, ಬೇಸ್, ಡ್ರಮ್. ಗಿಟಾರಿನವರೇ ಹಾಡುತ್ತಾರೆ. ಐವತ್ತು ದಾಟಿದ ಮನುಷ್ಯ. ನಾನು ವೇದಿಕೆಯಿಂದ ಎರಡು ಮಾರು ದೂರದಲ್ಲಿದ್ದೆ, ಅವರ ಎಡಗೈ ಪೂರ್ತಿ ಕಾಣುತ್ತಿತ್ತು.

ವೀಣೆ ಕಲಿತವರು ಇದನ್ನು ಓದುತ್ತಿದ್ದರೆ ಅವರಿಗೆ ಇದು ಜಾಸ್ತಿ ಅರ್ಥವಾಗುತ್ತದೆ. ಆ ಗಿಟಾರಿನವರು ತಂತಿಯನ್ನು ಒತ್ತುವುದು ಕಡಿಮೆ, ಎಳೆಯುವುದು ಜಾಸ್ತಿ. ಉಂಗುರದ ಬೆರಳು ತಂತಿಯ ಮೇಲೆ, ಹಿಂದೆ ಇನ್ನೆರಡು ಬೆರಳು ಅದಕ್ಕೆ ಬಲ ಕೊಡುತ್ತಾ, ಮೂರೂ ಸೇರಿ ತಂತಿಯನ್ನು ಮೇಲಕ್ಕೆ ತಳ್ಳುತ್ತವೆ. ಸ್ವರ ಏರುತ್ತದೆ, ಆದರೆ ಮುಂದಿನ ಸ್ವರಕ್ಕೆ ಪೂರ್ತಿ ತಲುಪುವುದಿಲ್ಲ. ಸಾಧಾರಣ ಗಾಂಧಾರಕ್ಕೂ ಅಂತರ ಗಾಂಧಾರಕ್ಕೂ, ಅಂದರೆ ಕೆಳಗಿನ ‘ಗ’ಕ್ಕೂ ಮೇಲಿನ ‘ಗ’ಕ್ಕೂ ನಡುವೆ ಎಲ್ಲೋ ನಿಲ್ಲಿಸಿ, ನಡುಗಿಸಿ, ಬಿಟ್ಟರು. ನನ್ನ ಬೆರಳ ತುದಿ ಉರಿಯಿತು. ಒಂಬತ್ತು ವರ್ಷ ಬೆರಳಲ್ಲಿ ಗೆರೆ ಬೀಳಿಸಿಕೊಂಡು ಎಳೆದವಳಿಗೆ ಆ ನೋವು ಗೊತ್ತು.

ಒಂದು ನಿಧಾನದ ಹಾಡಿನಲ್ಲಿ ಅವರು ಶಬ್ದ ಇಳಿಸುತ್ತಾ ಹೋದರು. ಡ್ರಮ್ಮಿನವರು ಕಡ್ಡಿ ಮುಟ್ಟಿಸಿದ ಹಾಗೆ ಮುಟ್ಟಿಸುತ್ತಿದ್ದರು, ಅಷ್ಟೇ. ಇನ್ನೂರು ಜನ ಇರಬಹುದು, ಲೋಟ ಇಟ್ಟ ಸದ್ದೂ ಇಲ್ಲ. ನನ್ನ ಪಕ್ಕದಲ್ಲಿ ಟೋಪಿ ಹಾಕಿದ ಒಬ್ಬ ಅಜ್ಜ ಇದ್ದರು. ಅವರು ವೇದಿಕೆಗೆ ಕೇಳುವ ಹಾಗೆ ‘ಟೇಕ್ ಯುವರ್ ಟೈಮ್’ ಅಂದರು. ಆತುರ ಬೇಡಪ್ಪ, ನಿಧಾನ ಅಂತ. ಗಿಟಾರಿನವರು ಕಣ್ಣು ಮುಚ್ಚಿಕೊಂಡೇ ತಲೆ ಆಡಿಸಿದರು. ಆ ಒಂದು ಮಾತಿಗೆ ನನಗೆ ತಾತ ಬಂದು ಪಕ್ಕದಲ್ಲಿ ನಿಂತ ಹಾಗಾಯಿತು. ಮುಂದಿನ ಎಳೆತಕ್ಕೆ ನಾನು ‘ಭಲೆ’ ಅಂದೆ, ಜೋರಾಗಿಯೇ. ಅಜ್ಜ ನನ್ನ ಕಡೆ ತಿರುಗಿ, ಅದೇನು ಮಾತು ಅಂತ ಕೇಳಲಿಲ್ಲ, ಸುಮ್ನೆ ನಕ್ಕು ಜಾಗ ಬಿಟ್ಟು ಮುಂದೆ ನಿಲ್ಲಿಸಿಕೊಂಡರು.

ಹೊರ ದೇಶಕ್ಕೆ ಬಂದು ರೂಮಿನಲ್ಲೇ ಕೂತಿರುವ ನಮ್ಮ ಊರಿನವರು ಬಹಳ ಜನ ಇದ್ದೀರಿ ಅಂತ ಗೊತ್ತು. ದಯವಿಟ್ಟು ಹೋಗಿ. ನಮ್ಮ ಸಂಗೀತ ಸಿಗದಿದ್ದರೆ ಆ ಊರಿನದು ಯಾವುದೋ ಅದಕ್ಕೆ ಹೋಗಿ. ಚಿಕ್ಕ ಜಾಗ ಆಗಿರಲಿ, ಕೈ ಕಾಣುವಷ್ಟು ಹತ್ತಿರ ನಿಲ್ಲಿ.

ಸಕ್ಕರೆನಾಡು:
ಅಕ್ಕ, ಓದಿ ಖುಷಿ ಆಯ್ತು. ನಾನು ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಒಂದು ಪ್ರಶ್ನೆ. ಬ್ಲೂಸ್ ಬೇರೆ, ಬ್ಲೂಸ್ ರಾಕ್ ಬೇರೆಯಾ? ಮತ್ತೆ ಆ 48 ಎಣಿಕೆ ಎಲ್ಲಾ ಹಾಡಿಗೂ ಒಂದೇನಾ?

ಒಂಟಿಕೊಪ್ಪಲ್ ವೀಣೆ:
ಎಲ್ಲಾ ಹಾಡಿಗೂ ಅಲ್ಲ, ಆದರೆ ಬಹಳ ಹಾಡಿಗೆ ಅದೇ ತಳಪಾಯ ತಮ್ಮ. 12 ಬಾರ್, ಅಂದರೆ ತಾಳದ 12 ತುಂಡು, ಒಂದೊಂದಕ್ಕೆ 4 ಎಣಿಕೆ. ಮೊದಲ ನಾಲ್ಕು ಬಾರ್ ಷಡ್ಜದಲ್ಲಿ, ಎರಡು ಮಧ್ಯಮದಲ್ಲಿ, ಮತ್ತೆ ಎರಡು ಷಡ್ಜ, ಆಮೇಲೆ ಪಂಚಮ ಒಂದು, ಮಧ್ಯಮ ಒಂದು, ಕೊನೆಗೆ ಷಡ್ಜಕ್ಕೆ ಮನೆ ಸೇರುವುದು. ಒಂದು ಸಾಲು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲು ಅದಕ್ಕೆ ಉತ್ತರ. ಸಾಲು ಮುಗಿದು ಉಳಿಯುವ ಜಾಗದಲ್ಲಿ ಗಿಟಾರ್ ಮಾತಾಡುತ್ತದೆ. ನಿಧಾನದ ಹಾಡಿನಲ್ಲಿ ಒಂದೊಂದು ಎಣಿಕೆಯೂ ಮೂರು ಮೂರಾಗಿ ಒಡೆಯುತ್ತದೆ, ನಮ್ಮ ತಿಶ್ರ ನಡೆಯ ಹಾಗೆ.

ಬ್ಲೂಸ್ ಹುಟ್ಟಿದ್ದು ಇಲ್ಲಿಯ ದಕ್ಷಿಣದ ರಾಜ್ಯಗಳಲ್ಲಿ, ಹತ್ತಿ ಹೊಲದಲ್ಲಿ ದುಡಿಯುತ್ತಿದ್ದ ಕಪ್ಪು ಜನರ ನಡುವೆ. 20ನೇ ಶತಮಾನದಲ್ಲಿ, ಸುಮಾರು 1970ರ ತನಕ, 60 ಲಕ್ಷದಷ್ಟು ಜನ ಆ ದಕ್ಷಿಣ ಬಿಟ್ಟು ಬೇರೆ ಊರುಗಳಿಗೆ ಹೋದರು. ಕೂಲಿ ಕಡಿಮೆ, ಹಿಂಸೆ ಜಾಸ್ತಿ, ಇನ್ನೇನು ಮಾಡುತ್ತಾರೆ. ಬ್ಲೂಸ್ ಹಾಡುಗಾರ ಮಡ್ಡಿ ವಾಟರ್ಸ್ 1943ರಲ್ಲಿ ಮಿಸಿಸಿಪ್ಪಿಯಿಂದ ಶಿಕಾಗೋಗೆ ಹೋದರು. ಆ ಊರಿನ ಬಾರುಗಳ ಗಲಾಟೆಯಲ್ಲಿ ಮರದ ಗಿಟಾರ್ ಕೇಳಿಸುತ್ತಿರಲಿಲ್ಲ, ಎಲೆಕ್ಟ್ರಿಕ್ ಹಿಡಿದರು. 1960ರ ದಶಕದಲ್ಲಿ ಆ ರೆಕಾರ್ಡುಗಳನ್ನು ಕೇಳಿ ಬೆಳೆದ ಇಂಗ್ಲೆಂಡಿನ ಹುಡುಗರೂ, ಇಲ್ಲಿಯ ಹುಡುಗರೂ ಆಂಪ್ಲಿಫೈಯರ್ ದೊಡ್ಡದು ಮಾಡಿ, ಡ್ರಮ್ ಗಟ್ಟಿ ಮಾಡಿ, ಗಿಟಾರನ್ನು ಮುಂದೆ ತಂದರು. ಅದೇ ಬ್ಲೂಸ್ ರಾಕ್.

ನಾನು ಸಂಬಳದ ಕೆಲಸಕ್ಕೆ ವಿಮಾನ ಹತ್ತಿ ಬಂದವಳು, ಅವರ ವಲಸೆಗೂ ನನ್ನದಕ್ಕೂ ಹೋಲಿಕೆ ಇಲ್ಲ. ಆದರೆ ಊರು ಬಿಟ್ಟವರು ಕಟ್ಟಿದ ಹಾಡು ಅಂತ ಗೊತ್ತಾದ ಮೇಲೆ ಕೇಳುವುದೇ ಬೇರೆ ಆಯಿತು.

ನರಸೀಪುರದ ಸಂಗಮ:
ಮೇಡಂ, ಗಲಾಟೆಯಲ್ಲಿ ಕೇಳಿಸುತ್ತಿರಲಿಲ್ಲ ಅಂದಿರಲ್ಲ, ನಮ್ಮೂರಿನ ಚೌಡಯ್ಯನವರ ಕಥೆಯೂ ಅದೇ ಅಲ್ವಾ? ದೊಡ್ಡ ಸಭೆ, ಮೈಕ್ ಇಲ್ಲ, ಹಿಂದೆ ಕೂತವರಿಗೆ ಪಿಟೀಲು ಕೇಳುವುದಿಲ್ಲ. ಅದಕ್ಕೇ ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ತಂತಿ ಮಾಡಿಕೊಂಡರು. ಗಿಟಾರಿಗೆ ಕರೆಂಟ್ ಬಂದದ್ದೂ 1930ರ ದಶಕದಲ್ಲಿ, ಬ್ಯಾಂಡಿನ ಕಹಳೆಗಳ ಮಧ್ಯೆ ಅದು ಮುಳುಗಿಹೋಗುತ್ತಿತ್ತು ಅಂತ. ಕಷ್ಟ ಒಂದೇ. ಅವರು ತಂತಿಯ ಕೆಳಗೆ ಆಯಸ್ಕಾಂತ ಇಟ್ಟರು, ನಮ್ಮವರು ತಂತಿ ಸೇರಿಸಿದರು. ನಮ್ಮ ತಾತ ಚೌಡಯ್ಯನವರನ್ನು ಎದುರಿಗೆ ಕೂತು ಕೇಳಿದವರು. ಕಮಾನು ಎಳೆದರೆ ಎದೆಗೆ ಬಂದು ತಾಗುತ್ತಿತ್ತು ಅಂತ ಹೇಳುತ್ತಿದ್ದರು.

ಸರಸ್ವತೀಪುರಂ ರಾಯರು:
ತಾಯಿ, ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತಿಗೆ ನನ್ನ ತಕರಾರಿದೆ. ಬ್ಲೂಸ್ ಅಂದರೆ ನಮ್ಮ ಶುದ್ಧ ಧನ್ಯಾಸಿ ರಾಗವೇ ಅಂತ ಈಗಿನ ಹುಡುಗರು ಹೇಳುವುದು ಕೇಳಿದ್ದೇನೆ. ನೀವು ಹಾಗೆ ಬರೆದಿಲ್ಲ, ಆದರೆ ಗಾಂಧಾರದ ಮಾತು ಎತ್ತಿದ್ದೀರಿ, ಅಲ್ಲಿಗೇ ಹೋಗಿ ನಿಲ್ಲುತ್ತದೆ. ಸ ಗ ಮ ಪ ನಿ ಐದು ಸ್ವರ ಒಂದೇ ಇದ್ದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ರಾಗಕ್ಕೆ ನಡೆ ಇದೆ, ಗಮಕಕ್ಕೆ ಲೆಕ್ಕ ಇದೆ. ಹಾಗಂತ ನಾನು ಪಾಶ್ಚಾತ್ಯ ಸಂಗೀತ ಬೇಡ ಅನ್ನುವವನಲ್ಲ. ಜಯಚಾಮರಾಜ ಒಡೆಯರು ಮೆಟ್ನರ್ ಅನ್ನುವ ರಷ್ಯನ್ ಸಂಗೀತಗಾರರ ಕೃತಿಗಳನ್ನು ರೆಕಾರ್ಡ್ ಮಾಡಿಸಲು ದುಡ್ಡು ಕೊಟ್ಟರು, ಮೆಟ್ನರ್ ತಮ್ಮ ಮೂರನೇ ಪಿಯಾನೊ ಕನ್ಚೆರ್ಟೊವನ್ನು ನಮ್ಮ ಮಹಾರಾಜರಿಗೆ ಅರ್ಪಿಸಿದರು. ಮೈಸೂರಿಗೆ ಎರಡೂ ಗೊತ್ತು. ಎರಡನ್ನೂ ಕಲಸಬೇಡಿ ಅಂತ ಮಾತ್ರ ನನ್ನ ವಿನಂತಿ.

ಒಂಟಿಕೊಪ್ಪಲ್ ವೀಣೆ:
ಸರ್, ನಿಮ್ಮ ಮಾತು ಒಪ್ಪುತ್ತೇನೆ. ಅಲ್ಲಿ ನಿಂತಾಗ ನನಗೂ ವ್ಯತ್ಯಾಸವೇ ಜಾಸ್ತಿ ಕೇಳಿಸಿತು. ಶುದ್ಧ ಧನ್ಯಾಸಿಯಲ್ಲಿ ಕೆಳಗೆ ಶ್ರುತಿ ಒಂದೇ, ಸ ಪ ಸ. ಅದು ಕದಲುವುದಿಲ್ಲ. ಇಲ್ಲಿ ಕೆಳಗಿನ ಆಧಾರವೇ ಷಡ್ಜದಿಂದ ಮಧ್ಯಮಕ್ಕೆ, ಪಂಚಮಕ್ಕೆ ಓಡಾಡುತ್ತಿರುತ್ತದೆ. ಇನ್ನೊಂದು ಇದೆ. ಕೆಳಗೆ ಕಾರ್ಡಿನಲ್ಲಿ, ಅಂದರೆ ಒಟ್ಟಿಗೆ ಮೀಟುವ ಸ್ವರಗಳಲ್ಲಿ, ಅಂತರ ಗಾಂಧಾರ ಇರುತ್ತದೆ, ಮೇಲೆ ಹಾಡುವಾಗ ಸಾಧಾರಣ ಗಾಂಧಾರ ಹಿಡಿಯುತ್ತಾರೆ. ಎರಡೂ ಒಂದೇ ಹೊತ್ತಿಗೆ ಉಜ್ಜಾಡುತ್ತವೆ. ಆ ಉಜ್ಜಾಟದಲ್ಲೇ ಬ್ಲೂಸಿನ ರುಚಿ ಇದೆ. ನಮ್ಮ ಪಾಠದಲ್ಲಿ ಹಾಗೆ ನುಡಿಸಿದ್ದರೆ ಮೇಡಂ ವೀಣೆಯನ್ನು ಕೆಳಗಿಡಿಸುತ್ತಿದ್ದರು. ನಾನು ಒಂದೇ ಅಂದದ್ದು ಕೇಳುವವರ ವಿಷಯದಲ್ಲಿ. ಆ ಅಜ್ಜ ಮತ್ತು ನನ್ನ ತಾತ.

ಸರಸ್ವತೀಪುರಂ ರಾಯರು:
ಅದಾದರೆ ನನ್ನ ತಕರಾರಿಲ್ಲ. ಎರಡು ಗಾಂಧಾರದ ವಿಷಯ ನನಗೆ ಹೊಳೆದಿರಲಿಲ್ಲ. ಇವತ್ತು ರಾತ್ರಿ ಕೂತು ಕೇಳುತ್ತೇನೆ.

ಮಾನಸಗಂಗೋತ್ರಿ ಕಿವಿ:
ನಾನು ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವಳು, ಅದಕ್ಕೇ ಇದನ್ನು ಹೇಳಲೇಬೇಕು. ವೇದಿಕೆಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ ಅಂದಿರಿ. ಕಿವಿಗೆ ಏನಾದರೂ ಹಾಕಿಕೊಂಡಿದ್ದಿರಾ? 85 ಡೆಸಿಬಲ್ ಶಬ್ದವನ್ನು ದಿನಕ್ಕೆ 8 ಗಂಟೆ ಕೇಳಬಹುದು ಅಂತ ಒಂದು ಲೆಕ್ಕ ಇದೆ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಹೊತ್ತು ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2. ರಾಕ್ ಸಂಗೀತದಲ್ಲಿ 100 ಸಾಮಾನ್ಯ, ಅದಕ್ಕೆ ಬರೀ 15 ನಿಮಿಷ. ಎರಡು ಗಂಟೆ ನಿಂತರೆ ಏನಾಯಿತು ನೋಡಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅಂದರೆ ಕಿವಿಗೆ ಏಟು ಬಿದ್ದಿದೆ ಅಂತಲೇ ಅರ್ಥ. ಸಂಗೀತದವರಿಗೆ ಅಂತಲೇ ಮಾಡಿದ ಇಯರ್ ಪ್ಲಗ್ ಸಿಗುತ್ತದೆ, ಸ್ವರ ಮಂಕಾಗದೆ ಶಬ್ದ ಮಾತ್ರ ಇಳಿಯುತ್ತದೆ. ಹತ್ತಿ ತುರುಕಬೇಡಿ, ಅದು ಸಾಲದು. ಸ್ಪೀಕರಿನ ನೇರಕ್ಕೆ ನಿಲ್ಲಬೇಡಿ. ಹೋಗಬೇಡಿ ಅನ್ನುತ್ತಿಲ್ಲ. 60 ವರ್ಷ ಆದ ಮೇಲೂ ಕೇಳಬೇಕಲ್ವಾ?

ಒಂಟಿಕೊಪ್ಪಲ್ ವೀಣೆ:
ಹಾಕಿಕೊಂಡಿರಲಿಲ್ಲ, ಭಾನುವಾರ ಮಧ್ಯಾಹ್ನದ ತನಕ ಗುಂಯ್ ಅನ್ನುತ್ತಿತ್ತು. ಆ ಅಜ್ಜನ ಕಿವಿಯಲ್ಲಿ ಇತ್ತು, ನೋಡಿದ್ದೆ. ಇವತ್ತೇ ತರಿಸುತ್ತೇನೆ. ತುಂಬಾ ಥ್ಯಾಂಕ್ಸ್.

ಮಳವಳ್ಳಿಯವಳು:
ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ನರ್ಸ್. ಬಂದು ಮೂರು ವರ್ಷ. ನೈಟ್ ಡ್ಯೂಟಿ ಮುಗಿಸಿ ಬಂದು ಇದನ್ನು ಓದುತ್ತಾ ಕೂತಿದ್ದೇನೆ, ನಿದ್ದೆ ಬರುತ್ತಿಲ್ಲ.

ಈ ಊರು ರೋರಿ ಗ್ಯಾಲಘರ್ ಬೆಳೆದ ಊರು. ಬ್ಲೂಸ್ ರಾಕಿನವರು. ಪೇಟೆಯ ಮಧ್ಯ ಒಂದು ಚೌಕಕ್ಕೆ ಅವರ ಹೆಸರಿದೆ, ನಾನು ದಿನಾ ಅದರ ಹತ್ತಿರವೇ ಬಸ್ ಹತ್ತುವುದು. 1995ರಲ್ಲಿ 47ನೇ ವಯಸ್ಸಿಗೆ ಹೋದರು. 1961ರ ಒಂದು ಗಿಟಾರನ್ನೇ ಬಹಳ ವರ್ಷ ನುಡಿಸಿ ಅದರ ಬಣ್ಣವೆಲ್ಲ ಕಿತ್ತು ಮರ ಕಾಣುತ್ತಿತ್ತು. ವಾರ್ಡಿನಲ್ಲಿ ಒಬ್ಬರು ವಯಸ್ಸಾದ ರೋಗಿ ನನಗೆ ಇದೆಲ್ಲ ಹೇಳಿದ್ದು. ಅವರೇ ಹೋಗಮ್ಮ, ಒಂದು ಸಲ ಕೇಳು ಅಂತ ಕಳಿಸಿದರು. ಹೋದೆ. ಒಂದು ಪಬ್ಬಿನ ಮಹಡಿ ಮೇಲೆ, ನಲವತ್ತು ಜನ ಇದ್ದರೆ ಜಾಸ್ತಿ.

ನನಗೆ ಗಾಂಧಾರ ಗೀಂಧಾರ ಗೊತ್ತಿಲ್ಲ ಅಕ್ಕ. ನಮ್ಮದು ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರ ಮನೆ ಕಡೆಯ ಊರು. ಬೊಪ್ಪೇಗೌಡನಪುರಕ್ಕೆ ಅಜ್ಜಿ ಜೊತೆ ಹೋಗುತ್ತಿದ್ದೆ. ಮಂಟೇಸ್ವಾಮಿ ಕಥೆ ರಾತ್ರಿಯೆಲ್ಲಾ ನಡೆಯುತ್ತದೆ. ಮುಂದಿನವರು ತಂಬೂರಿ ಮೀಟುತ್ತಾ ಒಂದು ಸಾಲು ಹೇಳುತ್ತಾರೆ, ಹಿಮ್ಮೇಳದವರು ಗಗ್ಗರ, ದಮ್ಮಡಿ ಬಡಿಯುತ್ತಾ ಅದನ್ನು ಎತ್ತಿಕೊಳ್ಳುತ್ತಾರೆ. ಮುಂದಿನವರಿಗೆ ಉಸಿರು ತೆಗೆದುಕೊಳ್ಳಲು ಅಷ್ಟೇ ಹೊತ್ತು. ಆ ಪಬ್ಬಿನಲ್ಲಿ ಹಾಡುವವರು ಸಾಲು ಮುಗಿಸಿ ಬಾಯಿ ಮುಚ್ಚಿದ ತಕ್ಷಣ ಗಿಟಾರ್ ಎತ್ತಿಕೊಂಡಿತಲ್ಲ, ನನಗೆ ಅಜ್ಜಿಯ ಸೆರಗಿನ ಹೊಗೆಸೊಪ್ಪಿನ ವಾಸನೆ ಬಂದಂಗಾಯಿತು. ಅತ್ತುಬಿಟ್ಟೆ. ಯಾರೂ ಏನೂ ಕೇಳಲಿಲ್ಲ. ಒಬ್ಬ ಹೆಂಗಸು ಬಂದು ಟಿಶ್ಯೂ ಕೊಟ್ಟು ಹೋದಳು.

ಮರುದಿನ ಆ ರೋಗಿಗೆ ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಸುಮ್ಮನಾದರು.

ಒಂಟಿಕೊಪ್ಪಲ್ ವೀಣೆ:
ನಿಮ್ಮದು ಓದಿ ನನಗೂ ಕಣ್ಣು ತುಂಬಿತು. ಸಾಲು ಎತ್ತಿಕೊಳ್ಳುವುದು ಅಂತ ನೀವು ಹೇಳಿದಿರಲ್ಲ, ನಾನು ಇಷ್ಟು ಉದ್ದ ಬರೆದೂ ಅದು ಸಿಕ್ಕಿರಲಿಲ್ಲ.

ಕುವೆಂಪುನಗರ ಗಿಟಾರ್:
ಒಬ್ಬಳೇ ರಾತ್ರಿ ವಾಪಸ್ ಹೇಗೆ ಬಂದಿರಿ? ನನ್ನ ತಂಗಿ ಡಾಲಸ್‌ಗೆ ಹೊರಟಿದ್ದಾಳೆ, ಅವಳಿಗೆ ಹೇಳಬೇಕು. ಮತ್ತೆ ತಂತಿ ದಪ್ಪದ ವಿಷಯ ಗಮನಿಸಿದ್ರಾ? ಸ್ಟೀವಿ ರೇ ವಾನ್ 13ರ ದಪ್ಪ ತಂತಿ ಹಾಕಿ ಅರ್ಧ ಸ್ವರ ಇಳಿಸಿ ಶ್ರುತಿ ಮಾಡುತ್ತಿದ್ದರು. ನಾನು 9ರ ತೆಳ್ಳಗಿನದು ಹಾಕಿದರೇ ಬೆರಳು ಕಿತ್ತುಬರುತ್ತದೆ.

ಒಂಟಿಕೊಪ್ಪಲ್ ವೀಣೆ:
ಹೋಗುವ ಮೊದಲೇ ವಾಪಸ್ ಬರುವ ಗಾಡಿಯ ಲೆಕ್ಕ ಹಾಕಿಕೊಂಡಿದ್ದೆ, ಜೊತೆ ಕೆಲಸ ಮಾಡುವ ಒಬ್ಬರಿಗೆ ಲೊಕೇಶನ್ ಕಳಿಸಿದ್ದೆ. ಕೊನೆಯ ಬಸ್ ನಂಬಬೇಡಿ ಅಂತ ತಂಗಿಗೆ ಹೇಳಿ. ಕೈಯಲ್ಲಿ ಲೋಟ ಹಿಡಿದೇ ಇರಬೇಕು ಅಂತ ಏನೂ ಇಲ್ಲ, ನಾನು ನೀರು ಕುಡಿದೆ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಂತಿಯ ಮಾತು ಬಂತಲ್ಲ, ಮೊದಲು ಬರೆಯದೆ ಬಿಟ್ಟದ್ದು ಒಂದಿದೆ. ಕೊನೆಗೆ ಒಂದು ಹಾಡಿನ ಮಧ್ಯ ಅವರ ತಂತಿ ಕಿತ್ತುಹೋಯಿತು. ಆ ಸದ್ದು ನನಗೆ ಗೊತ್ತು, ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವರು ಹಾಡು ನಿಲ್ಲಿಸಲಿಲ್ಲ. ಬೇಸಿನವರು ಡ್ರಮ್ಮಿನವರು ಸುತ್ತು ಹೊಡೆಯುತ್ತಲೇ ಇದ್ದರು, ಇವರು ಬಾಯಲ್ಲಿ ಸಾಲು ಹಾಡುತ್ತಾ ಜೇಬಿನಿಂದ ಹೊಸ ತಂತಿ ತೆಗೆದು, ಪೋಣಿಸಿ, ಬಿರಡೆ ತಿರುಗಿಸಿ, ಬೇಸಿನ ಸ್ವರಕ್ಕೇ ಕಿವಿ ಕೊಟ್ಟು ಶ್ರುತಿ ಸೇರಿಸಿದರು. ನಾಲ್ಕು ಸುತ್ತು. ಐದನೇ ಸುತ್ತಿನ ಮೊದಲ ಎಣಿಕೆಗೆ ಸರಿಯಾಗಿ ಆ ಹೊಸ ತಂತಿಯನ್ನೇ ಎಳೆದರು.

ಕುವೆಂಪುನಗರ ಗಿಟಾರ್:
ಬ್ಲೂಸಿನ ಬಿ.ಬಿ. ಕಿಂಗ್ 1985ರ ಫಾರ್ಮ್ ಏಡ್ ಕಛೇರಿಯಲ್ಲಿ ಹೀಗೇ ಹಾಡುತ್ತಲೇ ತಂತಿ ಬದಲಾಯಿಸಿದ್ದರು, ವಿಡಿಯೋ ಇದೆ. ಎದುರಿಗೆ ನಿಂತು ನೋಡಿದಿರಲ್ಲ, ಪುಣ್ಯ ಮಾಡಿದ್ದೀರಿ.

ಸಕ್ಕರೆನಾಡು:
ಅಕ್ಕ, ಮನೆಯವರಿಗೆ ಕೇಳಿಸಿದ್ರಾ?

ಒಂಟಿಕೊಪ್ಪಲ್ ವೀಣೆ:
ಕೇಳಿಸಿದೆ. ಹೊರಗೆ ಬಂದಾಗ ಇಲ್ಲಿ ರಾತ್ರಿ 12, ಮೈಸೂರಿನಲ್ಲಿ ಭಾನುವಾರ ಬೆಳಗ್ಗೆ ಹತ್ತೂವರೆ. ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಒಂದು ನಿಮಿಷದ ತುಣುಕು ಕಳಿಸಿದೆ. ಅಮ್ಮ ಫೋನನ್ನು ಕಿವಿಗೆ ಹಿಡಿದುಕೊಂಡು ಕೇಳಿ, ‘ಗಾಂಧಾರ ಎಲ್ಲಿ ನಿಲ್ಲುತ್ತಿದೆ ಗೊತ್ತಾಗಲಿಲ್ಲ, ಇನ್ನೊಂದು ಸಲ ಹಾಕು’ ಅಂದರು. ನಾಲ್ಕು ಸಲ ಹಾಕಿಸಿಕೊಂಡರು. ಆಮೇಲೆ ‘ನಿನ್ನ ವೀಣೆ ಏನಾಯಿತು’ ಅಂತ ಕೇಳಿದರು.

ವೀಣೆ ನನ್ನ ಜೊತೆಯೇ ಬಂದಿತ್ತು. ಬರುವಾಗ ದಾರಿಯಲ್ಲಿ ಎರಡು ತಂತಿ ಕಿತ್ತುಹೋದವು. ಪೆಟ್ಟಿಗೆ ತೆಗೆದು ನೋಡಿ, ಹಾಗೇ ಮುಚ್ಚಿ ಬೀರುವಿನ ಪಕ್ಕ ನಿಲ್ಲಿಸಿದವಳು ಎಂಟು ತಿಂಗಳು ಮುಟ್ಟಿರಲಿಲ್ಲ. ಭಾನುವಾರ ಸಂಜೆ ತೆಗೆದು ಒರೆಸಿ ಇಟ್ಟಿದ್ದೇನೆ. ಇಲ್ಲಿ ವೀಣೆ ತಂತಿ ಸಿಗುವ ಅಂಗಡಿ ನನಗೆ ಗೊತ್ತಿಲ್ಲ. ನಮ್ಮ ಕಡೆಯಿಂದ ಯಾರಾದರೂ ಆಸ್ಟಿನ್ ಕಡೆ ಬರುವವರಿದ್ದರೆ ಒಂದು ಸೆಟ್ ತಂದುಕೊಡುತ್ತೀರಾ?

ಕುವೆಂಪುನಗರ ಗಿಟಾರ್:
ತಂಗಿ ಮುಂದಿನ ತಿಂಗಳು 18ಕ್ಕೆ ಹೊರಡುತ್ತಾಳೆ. ಡಾಲಸ್‌ನಿಂದ ನಿಮಗೆ ಪೋಸ್ಟ್ ಮಾಡುತ್ತಾಳೆ. ನಾಳೆ ಪೇಟೆ ಕಡೆ ಹೋಗುತ್ತೇನೆ. ಯಾವುದು ಯಾವುದು ಬೇಕು ಹೇಳಿ.

ಒಂಟಿಕೊಪ್ಪಲ್ ವೀಣೆ:
ಸಾರಣಿ ಎರಡು, ಪಂಚಮ ಒಂದು. ಸಾರಣಿ ಇನ್ನೊಂದು ಜಾಸ್ತಿಯೇ ಇರಲಿ.